ರೈಫಲ್‌ನ ಬ್ಯಾರಲ್ ನಟ್ ಎಷ್ಟು ಬಿಗಿ ಮಾಡಬೇಕು? ಎಆರ್-15 ಬ್ಯಾರಲ್ ಬದಲಿಸುವವರಿಗೆ ಸಮಗ್ರ ಮಾರ್ಗದರ್ಶಿ

30ರಿಂದ 80 ಫುಟ್-ಪೌಂಡ್. ಎಆರ್-15 ಮಾದರಿಯ ರೈಫಲ್‌ಗೆ ಬ್ಯಾರಲ್ ನಟ್, ಅಂದರೆ ನಳಿಗೆಯನ್ನು ರೈಫಲ್‌ನ ಮೈಗೆ ಹಿಡಿದಿಡುವ ನಟ್, ಎಷ್ಟು ಬಿಗಿ ಇರಬೇಕು ಎಂದು ಯಾರನ್ನೇ ಕೇಳಿ, ಇದೇ ಉತ್ತರ ಸಿಗುತ್ತದೆ. ನ್ಯೂಟನ್ ಮೀಟರ್ ಲೆಕ್ಕದಲ್ಲಿ ಸುಮಾರು 41ರಿಂದ 108. ಅಮೆರಿಕದ ಸೈನ್ಯದವರ ಎಂ16 ಮತ್ತು ಎಂ4 ರಿಪೇರಿ ಕೈಪಿಡಿಯಲ್ಲೂ ಇದೇ ಅಂಕಿ ಇದೆ.

ಉತ್ತರ ಸರಿಯಾಗಿದೆ. ಆದರೂ ಅದನ್ನು ಕೇಳಿದ ಮೇಲೆ ಹೊಸಬರಿಗೆ ಗೊಂದಲ ಜಾಸ್ತಿಯಾಗುತ್ತದೆ. 30 ಎಲ್ಲಿ, 80 ಎಲ್ಲಿ? ಕಾರಿನ ಚಕ್ರದ ನಟ್‌ಗೆ ಯಾರೂ ಹೀಗೆ ಹೇಳುವುದಿಲ್ಲ ಅಲ್ವಾ? ಅಲ್ಲಿ ಒಂದೇ ಅಂಕಿ ಇರುತ್ತದೆ, ಅಷ್ಟಕ್ಕೆ ಬಿಗಿ ಮಾಡಿ ಮುಗಿಸುತ್ತೀರಿ. ಇಲ್ಲಿ ಇಷ್ಟು ದೊಡ್ಡ ಅಂತರ ಯಾಕೆ ಬಿಟ್ಟಿದ್ದಾರೆ ಎನ್ನುವುದು ಅರ್ಥವಾದರೆ ಅರ್ಧ ಕೆಲಸ ಕಲಿತ ಹಾಗೆ. ನಟ್‌ನ ಹಲ್ಲುಗಳ ನಡುವಿನ ಸಂದಿಯಲ್ಲಿ ಗ್ಯಾಸ್ ಟ್ಯೂಬ್, ಅಂದರೆ ಗುಂಡು ಹಾರಿದಾಗಿನ ಅನಿಲವನ್ನು ಹಿಂದಕ್ಕೆ ತರುವ ಸಣ್ಣ ಕೊಳವೆ, ಹಾದುಹೋಗಬೇಕು. ಆ ಸಂದಿ ಯಾವ ಬಿಗಿಯಲ್ಲಿ ಸರಿಯಾದ ಜಾಗಕ್ಕೆ ಬರುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ಅದಕ್ಕಾಗಿಯೇ ಆ ಅಂತರ. 30 ಎನ್ನುವುದು ನೆಲ, 80 ಎನ್ನುವುದು ಸೂರು. ನಡುವೆ ಎಲ್ಲಿ ಸಂದಿ ಕೂಡುತ್ತದೋ ಅಲ್ಲಿ ನಿಲ್ಲಿಸಬೇಕು.

ಇದು ಯಾರಿಗೆ, ಯಾರಿಗಲ್ಲ

ಅಮೆರಿಕದಲ್ಲಿದ್ದು, ಕಾನೂನು ಪ್ರಕಾರ ರೈಫಲ್ ಇಟ್ಟುಕೊಂಡು ಗುರಿ ಸ್ಪರ್ಧೆಗೆ ಹೋಗುವ ಕನ್ನಡಿಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಓಹಾಯೋದ ಕ್ಯಾಂಪ್ ಪೆರ್ರಿಯಲ್ಲಿ 1907ರಿಂದ ರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿ 200, 300, 600 ಗಜ ದೂರದ ಗುರಿಗೆ ಹೊಡೆಯುವವರಿಗೆ ಬ್ಯಾರಲ್ ಸವೆಯುವುದು ಮಾಮೂಲು. ಕೆಲವು ಸಾವಿರ ಗುಂಡು ಹೋದ ಮೇಲೆ ಬ್ಯಾರಲ್‌ನ ಗಂಟಲು (ಗುಂಡು ಒಳಹೋಗುವ ತುದಿ) ಸುಟ್ಟು, ಗುರಿಹಲಗೆಯಲ್ಲಿ ಗುಂಡಿನ ಗುರುತುಗಳ ಗುಂಪು ಹರಡಲು ಶುರುವಾಗುತ್ತದೆ. ಆಗ ಬ್ಯಾರಲ್ ಬದಲಿಸಲೇಬೇಕು.

ಅಮೆರಿಕದಲ್ಲೂ ಒಂದು ಮಾತು ನೆನಪಿರಲಿ. 16 ಇಂಚಿಗಿಂತ ಗಿಡ್ಡ ಬ್ಯಾರಲ್ ಹಾಕಿದರೆ ಆ ರೈಫಲ್ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಕೆಳಗೆ ಬರುತ್ತದೆ. ಮೊದಲೇ ನೋಂದಣಿ ಆಗದಿದ್ದರೆ ಅದು ದೊಡ್ಡ ಅಪರಾಧ. ಕೆಲವು ರಾಜ್ಯಗಳಲ್ಲಿ ಇನ್ನೂ ಬಿಗಿಯಾದ ನಿಯಮಗಳಿವೆ. ಬ್ಯಾರಲ್ ಕೊಳ್ಳುವ ಮೊದಲೇ ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ.

ಊರಿನಲ್ಲಿದ್ದು ಓದುತ್ತಿರುವವರು ಇದನ್ನು ತಿಳಿವಳಿಕೆಗಾಗಿ ಮಾತ್ರ ಓದಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ, ಮಾರ್ಪಾಡು ಮಾಡುವುದಕ್ಕೇ ಬೇರೆ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳುವುದಕ್ಕೆ ವಿನಾಯಿತಿ ಇದೆ, ನಿಜ. ಆದರೆ ಅದು ಇಟ್ಟುಕೊಳ್ಳುವುದಕ್ಕೆ. ನಳಿಗೆ ಕೆಲಸ ಏನಿದ್ದರೂ ಲೈಸೆನ್ಸ್ ಇರುವ ರಿಪೇರಿ ಅಂಗಡಿಗೇ ಕೊಡಬೇಕು.

ನಟ್ ಏನು ಹಿಡಿದಿರುತ್ತದೆ

ಈ ರೈಫಲ್ ವಿನ್ಯಾಸ ಯೂಜೀನ್ ಸ್ಟೋನರ್ ಅವರದು. ಅವರ ಜಾಣತನ ಇರುವುದು ಒಂದು ಸಣ್ಣ ಉಕ್ಕಿನ ತುಂಡಿನಲ್ಲಿ. ಬ್ಯಾರಲ್‌ನ ಹಿಂದಿನ ತುದಿಗೆ ತಿರುಪಿ ಕೂರಿಸಿರುವ ಅದಕ್ಕೆ ಬ್ಯಾರಲ್ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ತೋಟೆಯನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್‌ನ ಹಲ್ಲುಗಳು ಹೋಗಿ ಕಚ್ಚಿಕೊಳ್ಳುವುದು ಅದರೊಳಗೆ. ಗುಂಡು ಹಾರುವಾಗ ಬರುವ ಭಾರಿ ಒತ್ತಡವನ್ನು ಉಕ್ಕೇ ಉಕ್ಕಿನ ಜೊತೆ ಹಂಚಿಕೊಳ್ಳುತ್ತದೆ. ಹಾಗಾಗಿಯೇ ಹೊರಗಿನ ರಿಸೀವರ್, ಅಂದರೆ ಬೋಲ್ಟ್ ಓಡಾಡುವ ರೈಫಲ್‌ನ ಮೈ, ಹಗುರವಾದ ಅಲ್ಯೂಮಿನಿಯಂನಲ್ಲಿ ಇರಲು ಸಾಧ್ಯವಾಯಿತು.

ಎಕ್ಸ್‌ಟೆನ್ಷನ್‌ಗೆ ಸುತ್ತಲೂ ಒಂದು ಅಂಚು ಇದೆ. ಅದರ ಒಂದು ಕಡೆ ರಿಸೀವರ್‌ನ ಮುಖ, ಇನ್ನೊಂದು ಕಡೆ ಬ್ಯಾರಲ್ ನಟ್. ನಟ್ ಆ ಅಂಚನ್ನು ರಿಸೀವರ್‌ಗೆ ಒತ್ತಿ ಹಿಡಿಯುತ್ತದೆ, ಅಷ್ಟೇ ಅದರ ಕೆಲಸ. ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖಕ್ಕೂ ಚೇಂಬರ್‌ಗೂ ನಡುವೆ ತೋಟೆ ಕೂರುವ ಜಾಗದ ಅಳತೆ, ಈ ನಟ್‌ನಿಂದ ಬದಲಾಗುವುದಿಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಸುಮ್ನೆ ಹೆದರಿಕೊಂಡು ಅತಿಯಾಗಿ ಬಿಗಿ ಮಾಡುತ್ತಾರೆ.

30ಕ್ಕಿಂತ ಕಡಿಮೆ ಇದ್ದರೆ ಏನಾಗುತ್ತದೆ? ಬಿಸಿ, ಅದುರುವಿಕೆ ಎರಡೂ ಸೇರಿ ಅಂಚಿನ ಹಿಡಿತ ಸಡಿಲವಾಗುತ್ತದೆ. ಬ್ಯಾರಲ್ ಕೂದಲೆಳೆಯಷ್ಟು ಅಲ್ಲಾಡಿದರೂ ಗುರಿಹಲಗೆಯಲ್ಲಿ ಅದು ಕಾಣುತ್ತದೆ. 80 ದಾಟಿದರೆ ತೊಂದರೆ ಬೇರೆ ಕಡೆ. ರಿಸೀವರ್ 7075-ಟಿ6 ಅಲ್ಯೂಮಿನಿಯಂ. ಗಟ್ಟಿ ಲೋಹವೇ, ಆದರೂ ಉಕ್ಕಿನ ನಟ್ ಎದುರು ಮೆತ್ತಗೆ. ಅದರ ಥ್ರೆಡ್ ಎಳೆದು ಹೋದರೆ ರಿಸೀವರನ್ನೇ ಎಸೆಯಬೇಕು.

ಬೇಕಾದ ಸಾಮಾನು

ಗಟ್ಟಿ ಮೇಜಿಗೆ ಬಿಗಿದ ಬೆಂಚ್ ವೈಸ್ ಮೊದಲು. ಮೇಜೇ ಅಲ್ಲಾಡಿದರೆ ಬಿಗಿ ಅಳೆಯುವ ಟಾರ್ಕ್ ರೆಂಚ್‌ನ ಅಂಕಿಗೆ ಬೆಲೆ ಇಲ್ಲ. ವೈಸ್‌ನಲ್ಲಿ ರಿಸೀವರನ್ನು ಹಾಗೇ ಕಚ್ಚಿಸಬಾರದು. ಅದಕ್ಕೆ ಎರಡು ದಾರಿ ಇವೆ. ಒಂದು, ಚಿಪ್ಪಿನ ಹಾಗೆ ಹೊರಗಿನಿಂದ ರಿಸೀವರನ್ನು ಸುತ್ತಿ ಹಿಡಿಯುವ ಪ್ಲಾಸ್ಟಿಕ್ ಬ್ಲಾಕ್. ಇನ್ನೊಂದು, ಒಳಗೆ ಹೋಗಿ ಎಕ್ಸ್‌ಟೆನ್ಷನ್‌ನ ಹಲ್ಲುಗಳನ್ನೇ ಹಿಡಿಯುವ ಉಕ್ಕಿನ ಸರಳು. ಇದನ್ನು ರಿಯಾಕ್ಷನ್ ರಾಡ್ ಎನ್ನುತ್ತಾರೆ. ನನಗೆ ಸರಳೇ ಇಷ್ಟ. ರಿಸೀವರ್‌ನ ತೆಳು ಗೋಡೆಗಳ ಮೇಲೆ ಒತ್ತು ಬೀಳುವುದಿಲ್ಲ.

ನಂತರ ಅರ್ಧ ಇಂಚಿನ ಡ್ರೈವ್ ಇರುವ ಟಾರ್ಕ್ ರೆಂಚ್, ನಿಮ್ಮ ನಟ್‌ಗೆ ಸರಿಯಾಗಿ ಕೂರುವ ಬ್ಯಾರಲ್ ನಟ್ ರೆಂಚ್, ರೋಲ್ ಪಿನ್ ಹೊಡೆಯುವ ಪಂಚ್, ಸಣ್ಣ ಸುತ್ತಿಗೆ, ಸ್ನ್ಯಾಪ್ ರಿಂಗ್ ಪ್ಲೈಯರ್, ನೈಲಾನ್ ಬ್ರಷ್. ಟಾರ್ಕ್ ರೆಂಚ್ ಕೊಳ್ಳುವಾಗ 30ರಿಂದ 80ರವರೆಗಿನ ಅಂಕಿಗಳು ಅದರ ಸ್ಕೇಲಿನ ನಡುಭಾಗದಲ್ಲಿ ಬರುವಂಥದ್ದು ನೋಡಿ. ಕ್ಲಿಕ್ ಮಾಡುವ ರೆಂಚ್‌ಗಳು ಸ್ಕೇಲಿನ ಕೆಳತುದಿಯಲ್ಲಿ ಅಷ್ಟು ನಂಬಿಕೆಯವಲ್ಲ. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲಿಸಿ ಅತಿ ಕಡಿಮೆ ಅಂಕಿಗೆ ತಂದು ಇಡಿ. ಅದರಿಂದ ನಟ್ ಬಿಚ್ಚಲು ಹೋಗಬೇಡಿ, ಬಿಚ್ಚಲು ಸಾದಾ ಹಿಡಿ ಸಾಕು.

ಗ್ರೀಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾವುದೇ ನಟ್ ತಿರುಗಿಸುವಾಗ ನೀವು ಹಾಕುವ ಬಲದ ಬಹುಪಾಲು ಉಜ್ಜಾಟಕ್ಕೆ ಹೋಗುತ್ತದೆ. ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸ್ಥೂಲ ಲೆಕ್ಕದಲ್ಲಿ ಸುಮಾರು ಅರ್ಧ ನಟ್‌ನ ಮುಖದ ಕೆಳಗೆ, ಶೇಕಡಾ 40ರಷ್ಟು ಥ್ರೆಡ್‌ನಲ್ಲಿ. ಉಳಿದ ಶೇಕಡಾ 10 ಮಾತ್ರ ನಿಜವಾಗಿ ಒತ್ತಿ ಹಿಡಿಯುವ ಕೆಲಸಕ್ಕೆ. ಈಗ ಯೋಚಿಸಿ. ಒಣ ಥ್ರೆಡ್‌ನಲ್ಲಿ 50 ತೋರಿಸುವ ರೆಂಚ್, ಗ್ರೀಸ್ ಹಾಕಿದ ಥ್ರೆಡ್‌ನಲ್ಲಿ 50 ತೋರಿಸುವ ರೆಂಚ್, ಎರಡರ ಹಿಡಿತ ಒಂದೇ ಅಲ್ಲ. ಸೈನ್ಯದ ಅಂಕಿ ಇರುವುದು ಗ್ರೀಸ್ ಹಚ್ಚಿದ ಥ್ರೆಡ್‌ಗೆ. ಒಣಗಿದ ನಟ್‌ಗೆ ಆ ಅಂಕಿ ಬಳಸಿದರೆ ಅಳತೆಯೇ ತಪ್ಪು.

ಯಾವ ಗ್ರೀಸ್ ಬೇಕಾದರೂ ಆಗುವುದಿಲ್ಲ. ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸ್ ಬೇಕು. ಅಮೆರಿಕದ ಸೈನಿಕ ಮಾನದಂಡದಲ್ಲಿ ಅದು ಮಿಲ್-ಜಿ-21164. ಏರೋಶೆಲ್ 33ಎಂಎಸ್ ಎಂದು ಮೊದಲು ಸಿಗುತ್ತಿದ್ದದ್ದು, ಈಗ ಏರೋಶೆಲ್ 64 ಎಂದು ಬರುತ್ತದೆ. ಗ್ರಾಫೈಟ್ ಅಥವಾ ತಾಮ್ರದ ಪುಡಿ ಇರುವ ಗ್ರೀಸ್ ಹಾಕಬೇಡಿ. ಅಲ್ಯೂಮಿನಿಯಂ, ಉಕ್ಕು ಎರಡೂ ತಾಗಿರುವ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಗ್ರಾಫೈಟ್, ತಾಮ್ರ ಇದ್ದರೆ ಅದು ಇನ್ನೂ ಬೇಗ ಆಗುತ್ತದೆ.

ಹಳೆಯ ಬ್ಯಾರಲ್ ಬಿಚ್ಚುವುದು

ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆ ಎಳೆದು ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ತೋಟೆಗಳು ಈ ಕೋಣೆಯಲ್ಲೇ ಇರಬಾರದು. ಆಮೇಲೆ ಎರಡು ಪಿನ್ ಒತ್ತಿ ಮೇಲಿನ ಭಾಗವನ್ನು ಬೇರ್ಪಡಿಸಿ, ಬೋಲ್ಟ್ ಕ್ಯಾರಿಯರ್ ಮತ್ತು ಚಾರ್ಜಿಂಗ್ ಹ್ಯಾಂಡಲ್ ತೆಗೆದಿಡಿ.

ಹ್ಯಾಂಡ್‌ಗಾರ್ಡ್, ಅಂದರೆ ಬ್ಯಾರಲ್ ಸುತ್ತ ಕೈ ಹಿಡಿಯುವ ಹೊದಿಕೆ, ಬಿಚ್ಚಿ. ಗ್ಯಾಸ್ ಟ್ಯೂಬ್‌ನ ಮುಂತುದಿಯನ್ನು ಬ್ಯಾರಲ್‌ಗೆ ಹಿಡಿದಿರುವ ಗ್ಯಾಸ್ ಬ್ಲಾಕ್ ಸ್ಕ್ರೂದಲ್ಲಿ ನಿಂತಿದ್ದರೆ ಅಂಟು ಹಾಕಿರಬಹುದು. ಹೀಟ್ ಗನ್‌ನಿಂದ ಸ್ವಲ್ಪ ಬಿಸಿ ಮಾಡಿದರೆ ಸ್ಕ್ರೂ ತಲೆ ಕೆಡದೆ ಬರುತ್ತದೆ. ಟೇಪರ್ ಪಿನ್ ಇದ್ದರೆ ಸಣ್ಣ ತುದಿಯ ಕಡೆಯಿಂದಲೇ ಹೊಡೆಯಬೇಕು. ದಪ್ಪ ತುದಿಯಿಂದ ಹೊಡೆದಷ್ಟೂ ಪಿನ್ ಇನ್ನೂ ಕಚ್ಚಿಕೊಳ್ಳುತ್ತದೆ. ನಾನು ಮೊದಲ ಸಲ ಮಾಡಿದಾಗ ಇದೇ ತಪ್ಪಾಯಿತು, ಒಂದು ಇಡೀ ಮಧ್ಯಾಹ್ನ ಹೋಯಿತು. ಹೊಡೆಯುವ ಮೊದಲು ಎರಡೂ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ಹೋಲಿಸಿ ನೋಡಿ.

ಗ್ಯಾಸ್ ಬ್ಲಾಕನ್ನು ಟ್ಯೂಬ್ ಸಮೇತ ಮುಂದಕ್ಕೆ ಎಳೆದು ತೆಗೆದ ಮೇಲೆ ನಟ್ ಸರದಿ. ರಿಸೀವರನ್ನು ಬ್ಲಾಕ್ ಅಥವಾ ಸರಳಿನಲ್ಲಿ ಕೂರಿಸಿ, ನಟ್ ರೆಂಚ್ ಪೂರ್ತಿ ಕಚ್ಚಿದೆಯೇ ನೋಡಿ, ಒಂದೇ ಸಮನೆ ಬಲ ಹಾಕಿ. ಬರದಿದ್ದರೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿ ಹಾಗೇ ಇಡಿ. ಬೆಂಕಿಯ ಜ್ವಾಲೆ ಹಿಡಿಯಬೇಡಿ, ಅಲ್ಯೂಮಿನಿಯಂನ ಬಲ ಹೊರಟುಹೋಗುತ್ತದೆ.

ಹೊಸ ಬ್ಯಾರಲ್ ಕೂರಿಸುವುದು

ಥ್ರೆಡ್‌ಗಳನ್ನು ಬ್ರಷ್‌ನಿಂದ ಉಜ್ಜಿ, ಹಳೆಯ ಗ್ರೀಸ್, ಲೋಹದ ಪುಡಿ ಎಲ್ಲ ತೆಗೆಯಿರಿ. ರಿಸೀವರ್‌ನ ಮುಖಕ್ಕೆ ಬೆರಳಾಡಿಸಿ. ಸಣ್ಣ ಉಬ್ಬು ಇದ್ದರೂ ಬ್ಯಾರಲ್ ಒಂದು ಕಡೆಗೆ ವಾಲಿ ಕೂರುತ್ತದೆ.

ಥ್ರೆಡ್ ಮೇಲೆ ಗ್ರೀಸ್‌ನ ತೆಳು ಪದರ ಹಚ್ಚಿ. ಎಕ್ಸ್‌ಟೆನ್ಷನ್‌ನ ಹೊರಮೈಗೆ ಒಂದಿಷ್ಟು. ತುಂಬ ಜನ ಬಿಟ್ಟುಬಿಡುವ ಜಾಗ ಇನ್ನೊಂದಿದೆ. ಅಂಚಿನ ಮುಂಭಾಗ, ಅಂದರೆ ನಟ್‌ನ ಒಳಮುಖ ತಾಗುವ ಜಾಗ. ಅಲ್ಲೂ ಹಚ್ಚಲೇಬೇಕು. ಆ ಜಾಗ ಒಣಗಿದ್ದರೆ ನಟ್ ತಿರುಗುವಾಗ ಬ್ಯಾರಲನ್ನೂ ಜೊತೆಗೆ ಎಳೆದುಕೊಂಡು ತಿರುಗಲು ನೋಡುತ್ತದೆ. ಎಕ್ಸ್‌ಟೆನ್ಷನ್ ಮೇಲಿರುವ ಸಣ್ಣ ಇಂಡೆಕ್ಸ್ ಪಿನ್ ಒಂದೇ ಅದನ್ನು ತಡೆಯಬೇಕು. ಪಿನ್ ರಿಸೀವರ್‌ನ ತೋಡಿನ ಒಂದು ಬದಿಗೆ ಒತ್ತಿಕೊಂಡು ಅಲ್ಲಿ ಗುರುತು ಬೀಳುತ್ತದೆ. ಮುಂದಿನ ಸೈಟ್ ಸ್ವಲ್ಪ ಓರೆಯಾಗಿ ನಿಲ್ಲುವ ತೊಂದರೆ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತದೆ.

ಚೇಂಬರ್ ಒಳಗೆ, ಬೋಲ್ಟ್ ಹಲ್ಲುಗಳ ಜಾಗದಲ್ಲಿ ಗ್ರೀಸ್ ಸೇರಬಾರದು. ಸೇರಿದರೆ ಒರೆಸಿ.

ಇಂಡೆಕ್ಸ್ ಪಿನ್ ತೋಡಿಗೆ ಸರಿಯಾಗಿ ಸೇರುವ ಹಾಗೆ ಬ್ಯಾರಲನ್ನು ನೇರವಾಗಿ ಒತ್ತಿ ಕೂರಿಸಿ. ನಟ್ ಅನ್ನು ಕೈಯಿಂದಲೇ ತಿರುಗಿಸಿ ಪೂರ್ತಿ ಹತ್ತಿಸಿ. ಇಲ್ಲಿ ರೆಂಚ್ ಬೇಡ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಅಡ್ಡ ಹತ್ತಿದೆ ಎಂದರ್ಥ. ಹಿಂದಕ್ಕೆ ಬಿಚ್ಚಿ ಮತ್ತೆ ಶುರು ಮಾಡಿ.

ಮೂರು ಸಲ ಬಿಗಿ, ಮೂರು ಸಲ ಸಡಿಲ

ಟಾರ್ಕ್ ರೆಂಚನ್ನು 30ಕ್ಕೆ ಇಡಿ. ನಿಧಾನವಾಗಿ, ನಿಲ್ಲಿಸದೆ ಎಳೆಯಿರಿ. ಕ್ಲಿಕ್ ಆದ ಕೂಡಲೇ ಬಿಡಿ. ಈಗ ನಟ್ ಸಡಿಲ ಮಾಡಿ. ಮತ್ತೆ 30. ಮತ್ತೆ ಸಡಿಲ. ಮೂರನೆಯ ಸಲವೂ ಹಾಗೇ.

ಇದು ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ. ಹೊಸ ಥ್ರೆಡ್‌ನ ಮೈಯಲ್ಲಿ ಕಣ್ಣಿಗೆ ಕಾಣದ ತರಿ ಇರುತ್ತದೆ. ಪ್ರತಿ ಸಲ ಬಿಗಿಯುವಾಗ ಆ ತರಿ ಚಪ್ಪಟೆಯಾಗಿ ಮೈ ನಯವಾಗುತ್ತದೆ, ಗ್ರೀಸ್ ಎಲ್ಲ ಕಡೆ ಹರಡುತ್ತದೆ. ಅಂಚು ರಿಸೀವರ್‌ನ ಮುಖಕ್ಕೆ ಸರಿಯಾಗಿ ಕೂರುತ್ತದೆ. ಗಮನಿಸಿ ನೋಡಿ, ಅದೇ 30ರಲ್ಲಿ ಎರಡನೆಯ ಸಲ ನಟ್ ಮೊದಲಿಗಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಮೂರನೆಯ ಸಲ ಇನ್ನೂ ಸ್ವಲ್ಪ. ಇದನ್ನು ಮಾಡದೆ ಒಂದೇ ಏಟಿಗೆ 50ಕ್ಕೆ ಬಿಗಿದರೆ ಈ ತರಿ ಆಮೇಲೆ, ಗುಂಡು ಹೊಡೆಯುವಾಗ ಚಪ್ಪಟೆಯಾಗುತ್ತದೆ. ಆಗ ಹಿಡಿತ ತಾನಾಗಿ ಕಡಿಮೆಯಾಗುತ್ತದೆ.

ಕೊನೆಯ ಸಲ 30ಕ್ಕೆ ತಂದು ಅಲ್ಲೇ ನಿಲ್ಲಿಸಿ, ಮೇಲಿನಿಂದ ನೋಡಿ. ರಿಸೀವರ್‌ನ ಮೇಲ್ಭಾಗದಲ್ಲಿ ಗ್ಯಾಸ್ ಟ್ಯೂಬ್ ಹೋಗುವ ತೂತು ಇದೆ. ನಟ್‌ನ ಸಂದಿ, ಡೆಲ್ಟಾ ರಿಂಗ್ (ಹ್ಯಾಂಡ್‌ಗಾರ್ಡ್‌ನ ಹಿಂತುದಿ ಹಿಡಿಯುವ ಬಳೆ) ಇದ್ದರೆ ಅದರ ಸ್ಪ್ರಿಂಗ್ ಮತ್ತು ಸ್ನ್ಯಾಪ್ ರಿಂಗ್‌ನ ಬಾಯಿ, ಎಲ್ಲವೂ ಆ ತೂತಿನ ನೇರಕ್ಕೆ ಬರಬೇಕು. ಬಂದಿದ್ದರೆ ನಿಮ್ಮ ಕೆಲಸ ಆಯಿತು. 30 ಸಾಕಾ ಎಂದು ಅನುಮಾನ ಪಡಬೇಡಿ, ಸಾಕು.

ಬಂದಿಲ್ಲದಿದ್ದರೆ ಮುಂದಿನ ಸಂದಿ ಬರುವ ತನಕ ಬಿಗಿ ಮಾಡುತ್ತಾ ಹೋಗಿ. ರೆಂಚ್ ಅಂಕಿಯನ್ನು ಐದೈದು ಏರಿಸುತ್ತಾ ಹೋದರೆ ಎಷ್ಟರಲ್ಲಿ ಕೂಡಿತು ಎಂದು ತಿಳಿಯುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಮುಂದಿನ ಸಲ ಉಪಯೋಗಕ್ಕೆ ಬರುತ್ತದೆ. ಸಂದಿ ಕೂಡಿಸಲು ನಟ್ ಅನ್ನು ಹಿಂದಕ್ಕೆ ತಿರುಗಿಸಲೇಬೇಡಿ. ಹಿಂದಕ್ಕೆ ಬಂದ ನಟ್‌ಗೆ 30ರ ಹಿಡಿತ ಉಳಿದಿರುವುದಿಲ್ಲ.

80ಕ್ಕೆ ಹತ್ತಿರ ಬಂದರೂ ಕೂಡಲಿಲ್ಲ ಎನ್ನಿ. ಅಲ್ಲಿಗೆ ನಿಲ್ಲಿಸಿ. ಪೂರ್ತಿ ಸಡಿಲಿಸಿ, ಇನ್ನೆರಡು ಸಲ ಬಿಗಿ-ಸಡಿಲ ಮಾಡಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಕೂಡುತ್ತದೆ. ಆಗಲೂ ಬರದಿದ್ದರೆ ಬೇರೆ ನಟ್ ಹಾಕಿ ನೋಡಿ. ಥ್ರೆಡ್ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಒಂದೊಂದು ನಟ್‌ನಲ್ಲಿ ಒಂದೊಂದು ರೀತಿ ಇರುತ್ತದೆ. ಸಂದಿಯನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವ ಯೋಚನೆ ಬೇಡ.

ರೆಂಚ್ ಉದ್ದದ ಲೆಕ್ಕ

ಇಲ್ಲಿ ತಪ್ಪುವವರು ತುಂಬ. ಬ್ಯಾರಲ್ ನಟ್ ರೆಂಚನ್ನು ಟಾರ್ಕ್ ರೆಂಚ್‌ನ ತುದಿಗೆ ಸಿಕ್ಕಿಸಿದಾಗ ಹಿಡಿಯ ಉದ್ದ ಹೆಚ್ಚುತ್ತದೆ. ಟಾರ್ಕ್ ರೆಂಚ್‌ಗೆ ಅದು ಗೊತ್ತಿಲ್ಲ. ಅದು ತನ್ನ ಉದ್ದದ ಲೆಕ್ಕದಲ್ಲೇ ಕ್ಲಿಕ್ ಮಾಡುತ್ತದೆ, ನಟ್‌ಗೆ ಮಾತ್ರ ಜಾಸ್ತಿ ಬಿಗಿ ಬೀಳುತ್ತದೆ.

ಒಂದು ಉದಾಹರಣೆ. ನೀವು ಕೈ ಹಿಡಿಯುವ ಜಾಗದಿಂದ ರೆಂಚ್‌ನ ಚೌಕದ ಮಧ್ಯದ ತನಕ 18 ಇಂಚು. ಆ ಚೌಕದಿಂದ ನಟ್‌ನ ಮಧ್ಯದ ತನಕ 3 ಇಂಚು. ಎರಡೂ ಒಂದೇ ನೇರದಲ್ಲಿವೆ. ಒಟ್ಟು 21. ನಿಮಗೆ 40 ಬೇಕಿದ್ದರೆ 40 ಗುಣಿಸು 18 ಭಾಗಿಸು 21, ಸುಮಾರು 34ಕ್ಕೆ ರೆಂಚ್ ಇಡಬೇಕು. ಇದನ್ನು ಮರೆತು 80ಕ್ಕೆ ಇಟ್ಟರೆ ನಟ್‌ಗೆ ಬೀಳುವುದು 93. ಸೂರು ದಾಟಿ ಹೋಯಿತು.

ಲೆಕ್ಕವೇ ಬೇಡ ಎಂದರೆ ಸುಲಭದ ದಾರಿ ಇದೆ. ನಟ್ ರೆಂಚನ್ನು ಟಾರ್ಕ್ ರೆಂಚ್‌ಗೆ ಅಡ್ಡಲಾಗಿ, 90 ಡಿಗ್ರಿಯಲ್ಲಿ ಸಿಕ್ಕಿಸಿ. ಆಗ ಉದ್ದ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಅಂಕಿ ಇದ್ದ ಹಾಗೇ ನಡೆಯುತ್ತದೆ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ.

ಇನ್ನೊಂದು ವಿಷಯ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಎಳೆದರೆ, ನಿಂತ ನಟ್ ಹೊರಡಲು ಜಾಸ್ತಿ ಬಲ ಬೇಕಾಗುತ್ತದೆ. ನಟ್ ಅಲುಗುವ ಮೊದಲೇ ರೆಂಚ್ ಕ್ಲಿಕ್ ಎನ್ನಬಹುದು. ಹಾಗಾದಾಗ ಸ್ವಲ್ಪ ಸಡಿಲಿಸಿ, ಒಂದೇ ಎಳೆತದಲ್ಲಿ ಮತ್ತೆ ಬನ್ನಿ.

ಬೇರೆ ನಟ್, ಬೇರೆ ರೈಫಲ್

ಈಗಿನ ಉದ್ದನೆಯ, ಬ್ಯಾರಲ್‌ಗೆ ತಾಗದೆ ನಿಲ್ಲುವ ಫ್ರೀ ಫ್ಲೋಟ್ ಹ್ಯಾಂಡ್‌ಗಾರ್ಡ್‌ಗಳು ತಮ್ಮದೇ ನಟ್ ಜೊತೆ ಬರುತ್ತವೆ. ಹಲವದರಲ್ಲಿ ಟ್ಯೂಬ್ ನಟ್‌ನ ಮೇಲೆ ಹಾದುಹೋಗುವುದರಿಂದ ಸಂದಿ ಕೂಡಿಸುವ ಕೆಲಸವೇ ಇಲ್ಲ. ಕೆಲವಕ್ಕೆ ತೆಳು ಶಿಮ್ ಬಿಲ್ಲೆಗಳನ್ನು ಕೊಟ್ಟಿರುತ್ತಾರೆ. ಅಂಥ ನಟ್‌ಗಳಿಗೆ ತಯಾರಕರು ಕೊಟ್ಟ ಅಂಕಿಯನ್ನೇ ಹಿಡಿಯಿರಿ. ನಟ್ ಅಲ್ಯೂಮಿನಿಯಂದಾಗಿದ್ದರೆ ಇದು ಇನ್ನೂ ಮುಖ್ಯ.

ಸ್ಯಾವೇಜ್ 110 ಮಾದರಿಯ ಬೋಲ್ಟ್ ರೈಫಲ್‌ಗೂ ಬ್ಯಾರಲ್ ನಟ್ ಇದೆ. 1958ರಲ್ಲಿ ಬಂದ ರೈಫಲ್ ಅದು. ಅಲ್ಲಿ ಕಥೆಯೇ ಬೇರೆ. ಬ್ಯಾರಲ್ ನೇರವಾಗಿ ರಿಸೀವರ್‌ಗೆ ತಿರುಪಿಕೊಳ್ಳುತ್ತದೆ. ನಟ್ ಅದನ್ನು ಇದ್ದ ಜಾಗದಲ್ಲೇ ಲಾಕ್ ಮಾಡುತ್ತದೆ. ಹಾಗಾಗಿ ಹೆಡ್‌ಸ್ಪೇಸ್ ನಿಮ್ಮ ಕೈಯಲ್ಲೇ ಇದೆ. ಥ್ರೆಡ್ ಇಂಚಿಗೆ 20 ಸುತ್ತು. ಒಂದು ಸುತ್ತಿಗೆ ಬ್ಯಾರಲ್ 0.05 ಇಂಚು ಸರಿಯುತ್ತದೆ. ಹೆಡ್‌ಸ್ಪೇಸ್ ಅಳೆಯುವ ತೋಟೆ ಆಕಾರದ ತುಂಡುಗಳಾದ ಗೋ ಗೇಜ್, ನೋ-ಗೋ ಗೇಜ್ ನಡುವಿನ ವ್ಯತ್ಯಾಸ 0.003 ಇಂಚು ಎಂದು ಇಟ್ಟುಕೊಂಡರೆ, ಅಷ್ಟಕ್ಕೆ 22 ಡಿಗ್ರಿ ತಿರುಗಿದರೆ ಸಾಕು. ನಟ್ ಬಿಗಿ ಮಾಡುವಾಗ ಬ್ಯಾರಲ್ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತದೆ ಬೇರೆ. ಆದ್ದರಿಂದ ಬಿಗಿ ಮಾಡಿದ ಮೇಲೆ ಗೇಜ್‌ಗಳಿಂದ ಮತ್ತೆ ನೋಡಲೇಬೇಕು. ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಮುಚ್ಚಿದರೆ ಆ ರೈಫಲ್‌ನಿಂದ ಗುಂಡು ಹಾರಿಸಬಾರದು.

ಪರೀಕ್ಷೆ

ಮತ್ತೆ ನಮ್ಮ ಎಆರ್-15ಕ್ಕೆ ಬರೋಣ. ಗ್ಯಾಸ್ ಟ್ಯೂಬ್, ಬ್ಲಾಕ್ ಹಾಕಿ. ಟ್ಯೂಬ್ ನಟ್‌ನ ಯಾವ ಬದಿಗೂ ತಾಗದೆ ಸಲೀಸಾಗಿ ಹೋಗಬೇಕು. ಬೋಲ್ಟ್ ತೆಗೆದ ಖಾಲಿ ಕ್ಯಾರಿಯರನ್ನು ರಿಸೀವರ್‌ಗೆ ಹಾಕಿ, ಮುಂಭಾಗ ಕೆಳಗೆ ಮಾಡಿ ಹಿಡಿಯಿರಿ. ತನ್ನ ಭಾರಕ್ಕೇ ಜಾರಿ ಹೋಗಿ ಟ್ಯೂಬ್ ಮೇಲೆ ಕೂರಬೇಕು. ಎಲ್ಲಾದರೂ ತಡೆದರೆ ಟ್ಯೂಬ್ ಒಂದು ಕಡೆಗೆ ಒತ್ತಿಕೊಂಡಿದೆ. ಹಾಗೇ ಬಿಟ್ಟರೆ ಟ್ಯೂಬ್‌ನ ತುದಿ ಸವೆಯುತ್ತದೆ, ಗುರಿಯೂ ಅಲ್ಲಾಡುತ್ತದೆ.

ನಟ್‌ನಿಂದ ಹೆಡ್‌ಸ್ಪೇಸ್ ಬದಲಾಗುವುದಿಲ್ಲ ಎಂದು ಮೇಲೆ ಹೇಳಿದೆ. ಆದರೆ ಹೊಸ ಬ್ಯಾರಲ್‌ಗೆ ಹಳೆಯ ಬೋಲ್ಟ್ ಜೋಡಿಸುತ್ತಿದ್ದೀರಿ. ಆ ಜೋಡಿ ಸರಿಯಿದೆಯೇ ಎಂದು ಗೇಜ್‌ನಿಂದ ನೋಡಿ. ಗೇಜ್ ಇಲ್ಲದಿದ್ದರೆ ರಿಪೇರಿ ಅಂಗಡಿಯಲ್ಲಿ ನೋಡಿಸಿ, ನೋಡಿಸದೆ ರೇಂಜ್‌ಗೆ ಹೋಗಬೇಡಿ.

ಹ್ಯಾಂಡ್‌ಗಾರ್ಡ್ ಹಾಕುವ ಮೊದಲು ನಟ್ ಮತ್ತು ರಿಸೀವರ್ ಎರಡರ ಮೇಲೂ ಹಾದುಹೋಗುವ ಹಾಗೆ ಬಣ್ಣದ ಪೆನ್‌ನಿಂದ ಒಂದು ತೆಳು ಗೆರೆ ಎಳೆಯಿರಿ. ರೇಂಜ್‌ನಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ತೋಟೆ ಹಾಕಿ ಹೊಡೆಯಿರಿ. ಬೋಲ್ಟ್ ಹಿಂದೆ ಹೋಗಿ ನಿಂತರೆ ಗ್ಯಾಸ್ ಸರಿಯಾಗಿ ಬರುತ್ತಿದೆ ಎಂದರ್ಥ. ಆಮೇಲೆ ಸೈಟ್ ಸರಿಮಾಡಿಕೊಳ್ಳಿ. ಹೊಸ ಬ್ಯಾರಲ್‌ಗೆ ಹಳೆಯ ಸೊನ್ನೆ, ಅಂದರೆ ಸೈಟ್‌ನ ಹಳೆಯ ಹೊಂದಿಕೆ, ನಡೆಯುವುದಿಲ್ಲ.

ನೂರು ಗುಂಡಿನ ನಂತರ ರೈಫಲ್ ತಣ್ಣಗಾಗಲು ಬಿಟ್ಟು ಆ ಗೆರೆ ನೋಡಿ. ಎರಡು ತುಂಡೂ ಒಂದೇ ನೇರದಲ್ಲಿದ್ದರೆ ನಟ್ ಅಲುಗಿಲ್ಲ. ಸರಿದಿದ್ದರೆ ಇದ್ದ ಹಾಗೇ ಮೇಲಿನಿಂದ ಇನ್ನಷ್ಟು ಬಿಗಿ ಮಾಡಿ ಸುಮ್ಮನಾಗಬೇಡಿ. ಪೂರ್ತಿ ಬಿಚ್ಚಿ, ಥ್ರೆಡ್ ನೋಡಿ, ಗ್ರೀಸ್ ಹಚ್ಚಿ, ಮತ್ತೆ ಮೊದಲ 30ರಿಂದ ಶುರು ಮಾಡಿ.